ಕಿವುಡ ಹಲ್ಲು

ಸರಾಫ ಬಜಾರಿನ ಹಿಂದೆ, ಎರಡನೇ ಅಂತಸ್ತಿನಲ್ಲಿ ನನ್ನ ಲ್ಯಾಬು.
ಕಲಬುರಗಿಯ ಎಷ್ಟೋ ಜನ
ನಾನು ಮಾಡಿದ ಹಲ್ಲಿನಿಂದ ನಗುತ್ತಾರೆ,
ನನ್ನ ಮುಖ ಕಂಡವರಿಲ್ಲ.
ಗಚ್ಚಿನ ಅಚ್ಚಾಗಿ ಬರುತ್ತವೆ ಬಾಯಿಗಳು,
ಮೇಲೆ ಪೆನ್ಸಿಲಿನಲ್ಲಿ ಹೆಸರು, ಊರು, ಬಣ್ಣದ ನಂಬರು.

ಕಸ್ತೂರಬಾಯಿ ಮಾತ್ರ ತಾನೇ ಮೆಟ್ಟಿಲು ಹತ್ತಿ ಬಂದಳು
ಮೇ ತಿಂಗಳ ಮಟಮಟ ಮಧ್ಯಾಹ್ನ.
ಬಣ್ಣ ಕೂಡುತ್ತಿಲ್ಲ, ನೀನೇ ನೋಡು ಎಂದು
ಡಾಕ್ಟರು ಕಳಿಸಿದ್ದು.
ಕೂತಳು. ನೀರು ಕುಡಿದಳು.
ನಾಲಿಗೆಯಿಂದ ಒಂದು ತಿರುವು ಕೊಟ್ಟು
ಅಂಗೈ ಮೇಲೆ ಉಗುಳಿದಳು:
ತೊಗರಿ ಬ್ಯಾಳಿಯ ಬಣ್ಣದ ಬಂಗಾರ.

"ಇಪ್ಪತ್ತೆಂಟು ವರ್ಷ ಬ್ಯಾಳಿ ಮಿಲ್ಲಿನಾಗ
ಹರಳ ಆರಿಸಿ ಆರಿಸಿ ಊರಮಂದಿ ಹಲ್ಲ ಉಳಿಸೀನ್ರಿ.
ನನ್ನ ಸಾರಿನಾಗ ಒಂದ ಉಳದಿತ್ತ ನೋಡ್ರಿ."

ಆ ವರ್ಷದ ಬೋನಸ್ಸಿನಲ್ಲಿ
ಜೊತೆಯವರು ಮೂಗುತಿ ಕೊಂಡರು, ಬೋರಮಾಳ ಕೊಂಡರು,
ಇವಳು ಹಲ್ಲು ಕೊಂಡಳು.
ಅಲ್ಲಿಯ ತನಕ ಮುಕಾದಮನಿಗೆ ಅವಳು 'ಏ ಕಸ್ತೂರಿ'.
"ಬಾಯಾಗ ಬಂಗಾರ ಬಂತು,
ಹೆಸರಿಗೂ ಬಾಯಿ ಬಂತು."
ರೇಷನ್ ಕಾರ್ಡಿನ ಹಳೆಯ ಫೋಟೋದಲ್ಲಿ ಮಾತ್ರ
ಅದು ಕರ್ರಗೆ, ಹಲ್ಲು ಬಿದ್ದ ಸಂದಿಯ ಹಾಗೆ.

ಟೊಪ್ಪಿಗೆಯೊಳಗೆ ಭೂತಗನ್ನಡಿ ಹಿಡಿದು ನೋಡಿದೆ.
ಆ ಕಾಲಕ್ಕೆ ಊರಿನ ಡಾಕ್ಟರಿಗೆ
ತಾಮ್ರದ ಅಚ್ಚಿನ ಮೇಲೆ ತಗಡು ಬಡಿದು
ಟೊಪ್ಪಿಗೆ ಮಾಡಿಕೊಡುತ್ತಿದ್ದವನು ನಮ್ಮಪ್ಪ, ಮೌನಪ್ಪ ಪತ್ತಾರ.
ಅವನ ಕೈಗುರುತು ಹುಡುಕಿದೆ.
ಇರಲಿಲ್ಲ. ಹಳದಿಗಟ್ಟಿದ ಸಿಮೆಂಟು, ಅಷ್ಟೇ.

ಬಣ್ಣದ ಪಟ್ಟಿ ಹಿಡಿದೆ ಅವಳ ಹಲ್ಲಿಗೆ.
ಎಲೆ, ಸುಣ್ಣ, ನಲವತ್ತು ವರ್ಷದ ಚಾ
ಕಂಪನಿಯವರ ಕೊನೆಯ ನಂಬರನ್ನೂ ದಾಟಿ ಹೋಗಿದ್ದವು.
"ಕೂಡಿಸ್ತೀನಿ ತಗೋರಿ, ಯಾರಿಗೂ ಗೊತ್ತಾಗೂದಿಲ್ಲ."
"ಯಾರಿಗೂ ಗೊತ್ತಾಗಲಿಲ್ಲಂದ್ರ
ರೊಕ್ಕ ಯಾಕ ಕೊಡಬೇಕ್ರಿ?"

ಉತ್ತರ ಹೊಳೆಯದೆ ಗ್ಯಾರಂಟಿ ಕಾರ್ಡು ತೋರಿಸಿದೆ,
ಜಿರ್ಕೋನಿಯಾ, ಹದಿನೈದು ವರ್ಷ.
"ನನಗ ಎಪ್ಪತ್ತಮೂರು ನಡದಾವ.
ಉಳದದ್ದು ಯಾರ ಹೆಸರಿಗೆ ಬರೀತಿ?"

ಅವಳು ಹೋದಮೇಲೆ ಮಿಷನ್ನು ಕೊರೆಯಿತು.
ಜಿರ್ಕೋನಿಯಾ ಮೊದಲು ಸೀಮೆಸುಣ್ಣ,
ಉಗುರು ತಾಗಿದರೂ ಗೀರು.
ಸುಟ್ಟರೆ ಕುಗ್ಗುತ್ತದೆ, ಐದರಲ್ಲಿ ಒಂದು ಪಾಲು,
ಅದಕ್ಕೇ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯಬೇಕು,
ಕಳೆದುಕೊಳ್ಳಲಿರುವುದನ್ನು ಮುಂಗಡ ಕೊಟ್ಟು.
ಕುಲುಮೆಯೊಳಗೆ ಸಾವಿರದೈನೂರು,
ಕಿಟಕಿಯಾಚೆ ನಲವತ್ನಾಕು.
ಬೆಳಿಗ್ಗೆ ಕುಂಚದ ಒಂದೇ ಕೂದಲಿನಿಂದ
ಎಲೆಯಡಿಕೆಯ ಕಂದು ಗೆರೆ ಎಳೆದೆ, ಬೇರಿನ ಹತ್ತಿರ,
ಯಾರೋ ಅಗಿದು ಬಿಟ್ಟ ಹಾಗೆ.

ತಿಂಗಳ ಮೇಲೆ ಮತ್ತೆ ಬಂದಳು. ನಕ್ಕಳು.
ನನ್ನದು ಯಾವುದೆಂದು ನಾನೇ ಹುಡುಕಬೇಕಾಯಿತು.

"ಹಲ್ಲ ಛಲೋ ಅದರಿ. ರೊಟ್ಟಿ ಕಡೀತದ.
ಆದ್ರ ಚಾ ಸುಡ್ತದ ಅಂತ ಬಂಗಾರ ಮೊದಲ ಹೇಳ್ತಿತ್ತು,
ನಾಲಿಗಿಗಿಂತ ಮೊದಲ.
ಇದು ಏನೂ ಹೇಳೂದಿಲ್ಲ.
ಕಿವುಡ ಹಲ್ಲ ಮಾಡಿಕೊಟ್ಟೀದಿ."

ಸೆರಗಿನ ಗಂಟು ಬಿಚ್ಚಿ ಟೊಪ್ಪಿಗೆ ಇಟ್ಟಳು ಮೇಜಿನ ಮೇಲೆ.
"ಸತ್ತಾಗ ಬಾಯಾಗ ಬಂಗಾರ ಹಾಕ್ರಿ ಅಂತ
ಯಾರಿಗೂ ಬೇಡೂದಿಲ್ಲ ಅಂದಿದ್ದೆ, ಅಲ್ಲೇ ಇತ್ತಲ್ಲ.
ಈಗ ಈ ಗಂಟು ಎಲ್ಲಿ ಇಟ್ಟೀನಂತ ಸೊಸಿಗಿ ಹೇಳಬೇಕು.
ಕೆಳಗಿನಂವ ತೂಗಿದ, ಇಪ್ಪತ್ತೆರಡು ಗುಂಜಿ ಅಂದ.
ಖರೇನ?"

ಕಪಾಟಿನ ತಳದಿಂದ ಅಪ್ಪನ ವಹಿ ತೆಗೆದೆ.
ಎಂಬತ್ನಾಕರ ದೀಪಾವಳಿಯ ಹಾಳೆ,
ಎಣ್ಣೆಯ ಕಲೆ, ಬಾಗಿದ ಅಕ್ಷರ:
ಬ್ಯಾಳಿ ಮಿಲ್ಲಿನಾಕಿ, ಹಲ್ಲಿನ ಟೊಪ್ಪಿಗಿ, ೨೩ ಗುಂಜಿ.

"ಒಂದ ಗುಂಜಿ ಯಾರ ಹೊಡದರು?" ಎಂದಳು.
ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು,
ಆಮೇಲೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು.

ಅವಳು ಮೆಟ್ಟಿಲಿಳಿದ ಮೇಲೆ ಪೆನ್ನು ಹುಡುಕಿ
ಅಪ್ಪನ ಸಾಲಿನ ಕೆಳಗೆ ಬರೆದೆ:
ಒಂದು ಗುಂಜಿ, ರೊಟ್ಟಿಗೆ ಖರ್ಚು.